ಬ್ರೇಕಕ್ಕ ಎದುರು ಕೂತದ್ದು

ಆ ಬಡಾವಣೆಯಲ್ಲಿ ಕಾರು ಓಡಿಸಲು ಕಲಿತ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಬ್ರೇಕಕ್ಕನ ಕೈಲಿ ಬೈಸಿಕೊಂಡವರೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಈಕೆ ಒತ್ತಿದಳೆಂದರೆ ಕಲಿಯುವವರ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರಬೇಕು, ಹಾಗೆ ಒತ್ತುತ್ತಿದ್ದಳು. ಹೆಸರು ಬಂದದ್ದು ಹಾಗೆ. ಯಾರು ಕರೆದರೂ ಅವಳಿಗೇನೂ ಬೇಜಾರಿಲ್ಲ. "ಕರೀಲಿ ಬಿಡಿ, ನನ್ನ ಕೈಕೆಳಗೆ ಕಲಿತವರು ಯಾರೂ ಇನ್ನೊಬ್ಬರ ಗೇಟಿಗೆ ಗುದ್ದಿಲ್ಲ" ಎನ್ನುತ್ತಿದ್ದಳು. ಒಬ್ಬ ದಂತವೈದ್ಯರು ಗುದ್ದಿದ್ದರು. ಆದರೆ ಆ ಗೇಟು ಅವರದೇ, ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಇಂಥವಳು ಕಲಿಸುತ್ತಿದ್ದ ಡ್ರೈವಿಂಗ್ ಸ್ಕೂಲು ಮುಚ್ಚುವ ಕಾಲ ಬಂತು. ಮಾಲೀಕರಿಗೆ ಮಂಡಿನೋವು, ವಯಸ್ಸು ಬೇರೆ. ಒಂದು ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು, "ಈ ತಿಂಗಳು ಮುಗಿದರೆ ಸಾಕಮ್ಮ. ಕಾರು ಮಾರ್ತೀನಿ, ಬೋರ್ಡು ಇಳಿಸ್ತೀನಿ. ಇನ್ನು ನನ್ನ ಕೈಲಾಗಲ್ಲ" ಎಂದುಬಿಟ್ಟರು. ಅವಳು ತಲೆಯಾಡಿಸಿ, ಆ ದಿನದ ಪಾಠಗಳನ್ನೆಲ್ಲ ಮುಗಿಸಿ, ಕಾರು ಒರೆಸಿ ನಿಲ್ಲಿಸಿ ಮನೆಗೆ ಬಂದಳು.

ಸುದ್ದಿಗೆ ಕಾಲಿರುತ್ತದೋ ಏನೋ, ಸಂಜೆಯ ಹೊತ್ತಿಗೆ ಅಣ್ಣನ ಅಂಗಡಿ ಮುಟ್ಟಿತ್ತು. ಅಣ್ಣನದು ಫರ್ನಿಚರ್ ಅಂಗಡಿ. ಬಂದವನೇ ಚಪ್ಪಲಿ ಬಿಡುತ್ತಲೇ ಶುರು ಮಾಡಿದ. "ಅಯ್ಯೋ ಹುಚ್ಚಿ, ಅದಕ್ಯಾಕೆ ತಲೆ ಕೆಡಿಸ್ಕೋತೀಯ? ನನ್ನ ಅಂಗಡಿ ಯಾರದು, ನಿಂದಲ್ವಾ? ಬಾಗಿಲ ಹತ್ರ ಫ್ಯಾನ್ ಕೆಳಗೆ ಒಂದು ಕುರ್ಚಿ ಹಾಕಿಸ್ತೀನಿ. ಬಂದೋರಿಗೆ ಬನ್ನಿ ಅನ್ನು, ಬಿಲ್ಲು ಹರಿದು ಕೊಡು, ತಣ್ಣಗೆ ಕೂತ್ಕೋ. ಒಂದನೇ ತಾರೀಕಿಂದ ಬಂದ್ಬಿಡು."

"ಹೂಂ ಅಣ್ಣ" ಎಂದಳು ಬ್ರೇಕಕ್ಕ.

ಬೇರೆ ಏನೆನ್ನಬೇಕು ಹೇಳಿ? ಅಪ್ಪ ಸತ್ತಾಗ ಓದು ಬಿಟ್ಟು ಗರಗಸ ಹಿಡಿದವನು ಈ ಅಣ್ಣ. ಅವಳನ್ನು ಓದಿಸಿದವನು, ಮದುವೆ ಮಾಡಿದವನು, ಹೆಂಗಸಿಗೇಕೆ ಸ್ಟಿಯರಿಂಗು ಎಂದು ಬಂಧುಗಳು ಮೂಗು ಮುರಿದಾಗ ಅಂಗಡಿಯ ಲಾರಿಯನ್ನೇ ಕೊಟ್ಟು ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿದವನು. ಅವನಿಗೆ 'ಊಹೂಂ' ಎಂದು ಅವಳಿಗೆ ಅಭ್ಯಾಸವೇ ಇರಲಿಲ್ಲ. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಚೆನ್ನಾಗಿ ಅತ್ತಳು. ಬಿಲ್ಲು ಹರಿಯುವುದು ಕೀಳು ಕೆಲಸ ಎಂದಲ್ಲ. ಮೊದಲ ದಿನ ಸ್ಟಿಯರಿಂಗ್ ಮುಟ್ಟಲೂ ಹೆದರಿ ಬೆವರುವ ಒಂದು ಜೀವ, ಕೆಲವೇ ವಾರಗಳಲ್ಲಿ ಒಂದು ಕೈ ಕಿಟಕಿಗೆ ಹಾಕಿಕೊಂಡು ಜಂಬದಿಂದ ಹೊರಟುಹೋಗುತ್ತದಲ್ಲ, ಫುಟ್‌ಪಾತಿನಲ್ಲಿ ನಿಂತು ಅದನ್ನು ನೋಡುವ ಸುಖ ಇನ್ನಿಲ್ಲವಲ್ಲ ಎಂದು ಅತ್ತಳು.

ಬಚ್ಚಲ ಬಾಗಿಲ ಹೊರಗೆ ಗಂಡನೂ ಮಗಳೂ ಮುಖ ಮುಖ ನೋಡಿಕೊಂಡರು. ಗಂಡ ಕ್ಷೌರದಂಗಡಿಯವನು, ಮೃದು ಮನುಷ್ಯ. ಮಗಳು ಕಾಲೇಜಿನ ಕೊನೆಯ ವರ್ಷದವಳು, ಮೃದುವಲ್ಲ. ಮರುದಿನ ಅವಳೇ ಎಲ್ಲಿಂದಲೋ ಜಾಹೀರಾತು ಹುಡುಕಿ ತಂದಳು. ಬಸ್ ಸಂಸ್ಥೆಯವರು ಹೊಸದಾಗಿ ಹೆಂಗಸರನ್ನು ಚಾಲಕರನ್ನಾಗಿ ತೆಗೆದುಕೊಳ್ಳುತ್ತಿದ್ದರು, ಅವರಿಗೆ ಕಲಿಸಲು ಒಬ್ಬ ಟ್ರೈನರ್ ಬೇಕಾಗಿತ್ತು. ಮೊದಲ ಸುತ್ತು ವಿಡಿಯೋದಲ್ಲಿ. ಅದರಲ್ಲಿ ಗೆದ್ದವರಿಗೆ ಎರಡನೆಯದು ಡಿಪೋದಲ್ಲಿ, ಮುಖತಃ.

"ಅಮ್ಮ, ಇದು ನಿನಗೇ ಅಂತ ಅಳತೆ ತಗೊಂಡು ಹೊಲಿದ ಹಾಗಿದೆ" ಎಂದಳು ಮಗಳು.

"ನಾನು ಹುಟ್ಟಿದಾಗಿನಿಂದ ಒಂದು ಸಂದರ್ಶನಕ್ಕೂ ಹೋಗಿಲ್ಲ ಕಣೇ. ಸ್ಕೂಲಿಗೆ ಸೇರಿದಾಗ ಮಾಲೀಕರು ಏನು ಕೇಳಿದ್ರು ಗೊತ್ತಾ? 'ಬರುತ್ತಾ?' ಅಂದ್ರು. 'ಬರುತ್ತೆ' ಅಂದೆ. ಅಷ್ಟೇ."

"ಅದೆಲ್ಲ ನಾನು ಕಲಿಸ್ತೀನಿ, ಕೂತ್ಕೋ."

ಹೀಗೆ ಆ ಮನೆಯಲ್ಲಿ ತರಬೇತಿ ಶುರುವಾಯಿತು. ಊಟದ ಮೇಜು ಒರೆಸಿ, ಆ ಬದಿ ತಾನು ಕೂತು, ಈ ಬದಿ ತಾಯಿಯನ್ನು ಕೂರಿಸಿ, ಮಗಳು ಗಂಟಲು ಸರಿ ಮಾಡಿಕೊಂಡಳು.

"ನಿಮ್ಮ ಬಗ್ಗೆ ಹೇಳಿ."

"ಏನ್ ಹೇಳ್ಲಿ? ನಿನಗೆ ಗೊತ್ತಿಲ್ವಾ?"

"ಅಮ್ಮಾ! ನಾನೀಗ ನಿನ್ನ ಮಗಳಲ್ಲ, ಮ್ಯಾನೇಜರ್."

"ಮ್ಯಾನೇಜರ್ ಆದ್ರೆ ತಲೆ ಬಾಚ್ಕೊಂಡು ಬರ್ಬೇಕಿತ್ತು."

ಮೂಲೆಯಲ್ಲಿ ಪತ್ರಿಕೆ ಹಿಡಿದಿದ್ದ ಗಂಡನಿಂದ ಕೆಮ್ಮೋ ನಗುವೋ ತಿಳಿಯದ ಒಂದು ಸದ್ದು ಬಂತು. ಮಗಳು ಕೇಳಿಸದವಳಂತೆ ಮುಂದುವರಿಸಿದಳು. "ನಿಮ್ಮ ದೌರ್ಬಲ್ಯ ಏನು?"

"ಕೋಪ."

"ಹಾಗೆಲ್ಲ ನಿಜ ಹೇಳ್ಬಾರ್ದಮ್ಮ! ದೌರ್ಬಲ್ಯ ಅಂದ್ರೆ ಒಳ್ಳೇದನ್ನೇ ಸ್ವಲ್ಪ ಕೆಟ್ಟದರ ಥರ ಹೇಳ್ಬೇಕು. ಅತಿಯಾಗಿ ಕೆಲಸ ಮಾಡ್ತೀನಿ, ಹೀಗೇನಾದ್ರೂ."

"ಮತ್ತೆ ನಿಜ ಬೇಡದಿದ್ರೆ ಯಾಕೆ ಕೇಳ್ತಾರೆ, ಬೇರೆ ಕೆಲಸ ಇಲ್ವಾ?"

ಉತ್ತರಗಳನ್ನು ಹೇಗೋ ತಿದ್ದಬಹುದಿತ್ತು. ತಿದ್ದಲಾಗದ್ದು ಬೇರೆಯೇ ಇತ್ತು. ಬ್ರೇಕಕ್ಕನ ಕಣ್ಣು ಮಗಳ ಮುಖದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ಗೋಡೆಗೆ ಹೋಗುತ್ತಿತ್ತು, ಒಮ್ಮೆ ಮೇಜಿನಡಿಗೆ. "ಎಲ್ಲಿ ನೋಡ್ತಿದ್ದೀಯ?" ಎಂದು ಗದರಿದರೆ, "ನಿನ್ನ ಕಾಲು ನೋಡ್ತಿದ್ದೀನಿ. ಸುಮ್ಮನೆ ಅಲ್ಲಾಡಿಸ್ತಾನೇ ಇದ್ದೀಯ. ಕ್ಲಚ್ ಮೇಲೆ ಹಾಗೆ ಇಟ್ರೆ ಪ್ಲೇಟು ಸುಟ್ಟು ಹೋಗುತ್ತೆ" ಎಂದಳು. ಬಲವಂತವಾಗಿ ಮುಖ ನೋಡಿಸಿದರೆ ನಾಲಿಗೆ ಅಂಟಿಕೊಂಡಿತು, ತನ್ನ ಹೆಸರನ್ನೇ ಎರಡು ಸಲ ತಡವರಿಸಿದಳು.

ಪಾಪ, ಅವಳದೇನು ತಪ್ಪು? ದುಡಿಮೆಯ ವರ್ಷಗಳಷ್ಟೂ ಅವಳು ಜನರ ಪಕ್ಕದಲ್ಲಿ ಕೂತೇ ಮಾತಾಡಿದ್ದಳು. ಬೈದದ್ದು, ಹೊಗಳಿದ್ದು, ಅಳುವವರಿಗೆ ಸಮಾಧಾನ ಹೇಳಿದ್ದು, ಎಲ್ಲವೂ ಕಣ್ಣನ್ನು ರಸ್ತೆಯ ಮೇಲಿಟ್ಟುಕೊಂಡೇ. ಬಾಯಿ ಬಿಡಬೇಕೆಂದರೆ ಮುಂದೊಂದು ರಸ್ತೆ ಬೇಕು, ಪಕ್ಕದಲ್ಲೊಬ್ಬ ಮನುಷ್ಯ ಬೇಕು.

ಗಂಡನೂ ಕೈ ಜೋಡಿಸಿದ. ಅವನ ಕಸುಬೂ ಹೀಗೇ ತಾನೆ, ಗಿರಾಕಿಯ ಜೊತೆ ಮಾತೆಲ್ಲ ಕನ್ನಡಿಯ ಮೂಲಕ. "ಕನ್ನಡೀಲಿ ನೋಡ್ಕೊಂಡು ಮಾತಾಡು, ಆಮೇಲೆ ಕನ್ನಡಿ ತೆಗೆದುಬಿಡೋಣ" ಎಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಅಂಗಡಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದ. ಬೆನ್ನ ಹಿಂದೆ ನಿಂತು ಪ್ರಶ್ನೆ ಕೇಳತೊಡಗಿದ. ಅವಳು ಪರವಾಗಿಲ್ಲ ಎನ್ನುವ ಹಾಗೆ ಉತ್ತರಿಸಿದಳು. ಆದರೆ ಕುರ್ಚಿಯಲ್ಲಿ ತಲೆ ಕಂಡರೆ ಅವನ ಕೈ ಸುಮ್ಮನಿರುತ್ತದೆಯೇ? ಮೂರನೆಯ ಪ್ರಶ್ನೆಯ ಹೊತ್ತಿಗೆ ಕೊರಳಿಗೆ ಬಟ್ಟೆ ಸುತ್ತಿದ್ದ, ಐದನೆಯದಕ್ಕೆ ಕತ್ತರಿ ಆಡುತ್ತಿತ್ತು. ಸಂಜೆ ಅವಳು ಮನೆಗೆ ಬಂದದ್ದು ಅರ್ಧ ಗೇಣು ಕೂದಲು ಕಳೆದುಕೊಂಡು. ಮಗಳು ನೋಡಿ ತಲೆ ಚಚ್ಚಿಕೊಂಡಳು.

"ಏನಪ್ಪಾ ಇದು!"

"ಚೆನ್ನಾಗೇ ಕಾಣ್ತಿದೆಯಲ್ಲ" ಎಂದ ಅವನು ಸಣ್ಣ ದನಿಯಲ್ಲಿ.

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಒಂದು ಬೆಳಿಗ್ಗೆ ಮಗಳಿಗೆ ಕಾಲೇಜಿಗೆ ತಡವಾಯಿತೆಂದು ಬ್ರೇಕಕ್ಕ ಸ್ಕೂಲಿನ ಕಾರಿನಲ್ಲಿ ಬಿಡಲು ಹೊರಟಳು. ದಾರಿಯಲ್ಲಿ ಮಗಳು ಸುಮ್ಮನೆ, "ಈ ಕೆಲಸ ನಿಮಗೇ ಯಾಕೆ ಕೊಡ್ಬೇಕು?" ಎಂದಳು. ತಾಯಿ ರಸ್ತೆ ನೋಡುತ್ತಲೇ ನೀರು ಕುಡಿದ ಹಾಗೆ ಉತ್ತರ ಕೊಟ್ಟಳು. ಮತ್ತೊಂದು ಕೇಳಿದಳು, ಅದಕ್ಕೂ ಕೊಟ್ಟಳು. ಕಾಲೇಜಿನ ಗೇಟು ಬರುವಷ್ಟರಲ್ಲಿ ಮಗಳ ಹತ್ತಿರ ಪ್ರಶ್ನೆಗಳೇ ಮುಗಿದಿದ್ದವು.

"ಅಮ್ಮ, ವಿಡಿಯೋ ಸಂದರ್ಶನ ಕಾರಲ್ಲೇ ಮಾಡು. ಗಾಡಿ ನಿಲ್ಲಿಸ್ಕೊಂಡು, ಫೋನನ್ನ ಎದುರಿಗೆ, ಗಾಜಿನ ಕೆಳಗೆ ಸಿಗಿಸ್ಕೋ. ಅವರ ಮುಖಾನೇ ರಸ್ತೆ ಅಂದ್ಕೊಂಡು ಮಾತಾಡು."

ಸಂದರ್ಶನದ ದಿನ ಮಗಳಿಗೆ ಪರೀಕ್ಷೆ ಇತ್ತು, ಗಂಡನಿಗೆ ಅಂಗಡಿ. ಬ್ರೇಕಕ್ಕ ಒಬ್ಬಳೇ ಆಟದ ಮೈದಾನದ ಬೇಲಿಯ ಪಕ್ಕ ಮರದ ನೆರಳಲ್ಲಿ ಕಾರು ನಿಲ್ಲಿಸಿ, ತನ್ನ ಸೀಟಿಗೆ ಬಂದು ಕೂತಳು. ತನ್ನ ಸೀಟೆಂದರೆ ಯಾವುದು? ಕಲಿಸುವವರ ಸೀಟು. ಎದುರಿಗೆ ಫೋನ್ ಸಿಗಿಸಿ ನೋಡಿದಳು. ತನ್ನದೇ ಮುಖ ತನ್ನನ್ನೇ ನೋಡುತ್ತಿತ್ತು. ಥತ್ ಎಂದು ಅದನ್ನು ಕಿತ್ತು, ಕಲಿಯುವವರು ಕೂರುವ ಸೀಟಿನಲ್ಲಿ ಎರಡು ದಿಂಬು ಪೇರಿಸಿ, ಅದರ ಮೇಲೆ ಫೋನ್ ಇಟ್ಟು, ಬೀಳಬಾರದೆಂದು ಸೀಟ್ ಬೆಲ್ಟ್ ಹಾಕಿದಳು. ತಾನೂ ಹಾಕಿಕೊಂಡಳು. ಈಗ ಪಕ್ಕದಲ್ಲಿ ಜನ, ಎದುರಿಗೆ ರಸ್ತೆ. ಉಸಿರು ಸಲೀಸಾಯಿತು.

ಆ ಕಡೆ ಮೂವರಿದ್ದರು. ಡಿಪೋದ ಮ್ಯಾನೇಜರು, ಸಿಬ್ಬಂದಿ ವಿಭಾಗದ ಕನ್ನಡಕದ ಮೇಡಂ, ಮತ್ತು ಸದ್ಯದಲ್ಲೇ ನಿವೃತ್ತರಾಗಲಿದ್ದ ದೊಡ್ಡ ಮೀಸೆಯ ಹಳೆಯ ಟ್ರೈನರು. ಅವರಿಗೆ ಕಂಡದ್ದು ಒಂದು ಕಿವಿ, ಒಂದು ಓಲೆ, ಹೊಸದಾಗಿ ಕತ್ತರಿಸಿದ ಕೂದಲು.

"ನಮಸ್ಕಾರ. ಸ್ವಲ್ಪ ಈ ಕಡೆ ನೋಡ್ತೀರಾ?" ಎಂದರು ಮ್ಯಾನೇಜರು.

"ನಮಸ್ಕಾರ ಸರ್. ಆ ಕಡೆ ನೋಡಿದ್ರೆ ರಸ್ತೆ ಯಾರು ನೋಡ್ತಾರೆ?"

"ಗಾಡಿ ಓಡ್ತಿದೆಯಾ?"

"ಇಲ್ಲ ಸರ್, ನಿಂತಿದೆ."

ಮೀಸೆಯವರಿಗೆ ಮಜಾ ಬಂದಿರಬೇಕು, ಅವರೇ ಬಾಯಿ ಹಾಕಿದರು. "ಹೋಗ್ಲಿ ಬಿಡಿ. ಹೇಳಮ್ಮ, ಕಲಿಯೋರು ನಾಲ್ಕು ರಸ್ತೆ ಕೂಡೋ ಕಡೆ ನಟ್ಟ ನಡುವೆ ಗಾಡಿ ಆಫ್ ಮಾಡ್ಕೊಂಡ್ರು. ಹಿಂದೆ ಇರೋರೆಲ್ಲ ಹಾರ್ನ್ ಹೊಡೀತಿದ್ದಾರೆ. ಏನ್ಮಾಡ್ತೀಯ?"

"ಮೊದಲು ಕಿಟಕಿ ಏರಿಸ್ತೀನಿ ಸರ್, ಹಾರ್ನ್ ಕಮ್ಮಿ ಕೇಳ್ಲಿ ಅಂತ. ಆಮೇಲೆ, ನಿನ್ನೆ ಊಟಕ್ಕೆ ಏನ್ ಮಾಡಿದ್ರಿ ಅಂತ ಕೇಳ್ತೀನಿ."

"ಊಟಕ್ಕಾ?"

"ಹೂಂ ಸರ್. ಗಾಬರಿ ಬಿದ್ದೋರಿಗೆ ಕ್ಲಚ್ಚು ಗೇರು ಅಂದ್ರೆ ತಲೆಗೆ ಹೋಗಲ್ಲ. ಊಟದ ವಿಷ್ಯ ಅಂದ್ರೆ ಯಾರಾದ್ರೂ ಯೋಚ್ನೆ ಮಾಡ್ತಾರೆ. ಯೋಚ್ನೆ ಮಾಡಿದ್ರೆ ಉಸಿರು ಬರುತ್ತೆ. ಉಸಿರು ಬಂದ್ಮೇಲೆ, ಈಗ ಕೀಲಿ ತಿರುಗಿಸು ಅಂತೀನಿ. ಹಿಂದಿನೋರು ಕಾಯ್ಲಿ, ಅವರಪ್ಪನ ಮನೆ ಗಂಟೇನು ಹೋಗಲ್ಲ!" ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಹೀಗೇ ಒಂದಷ್ಟು ಹೊತ್ತು ನಡೆಯಿತು. ಎಲ್ಲ ಮುಗಿದು ಮ್ಯಾನೇಜರು, "ಸರಿ, ಇನ್ನೇನಾದ್ರೂ ಹೇಳೋದಿದೆಯಾ?" ಎಂದಾಗ, ಬ್ರೇಕಕ್ಕನ ಬಾಯಿ ತನ್ನಷ್ಟಕ್ಕೆ ಪಾಠ ಮುಗಿಸುವ ಮಾತನ್ನು ಆಡಿಬಿಟ್ಟಿತು. "ಇವತ್ತಿಗೆ ಸಾಕು. ಇಂಡಿಕೇಟರ್ ಹಾಕಿ, ನಿಧಾನಕ್ಕೆ ಬದಿಗೆ ತಗೊಂಡು ನಿಲ್ಲಿಸಿ."

ಕನ್ನಡಕದ ಮೇಡಂ ಜೋರಾಗಿ ನಕ್ಕದ್ದು ಕೇಳಿಸಿತು, ಅಷ್ಟರಲ್ಲಿ ಪರದೆ ಕಪ್ಪಾಯಿತು. ಬ್ರೇಕಕ್ಕ ಬೆಲ್ಟ್ ಬಿಚ್ಚದೆ ಹಾಗೇ ಕೂತಿದ್ದಳು. ಮುಗಿಯಿತು ಕಥೆ, ಒಂದನೇ ತಾರೀಕಿನಿಂದ ಫ್ಯಾನಿನ ಕೆಳಗೇ ಎಂದುಕೊಂಡಳು.

ಆದರೆ ಎರಡು ದಿನ ಬಿಟ್ಟು ಅದೇ ಮೇಡಂ ಫೋನ್ ಮಾಡಿದರು. "ಎರಡನೇ ಸುತ್ತಿಗೆ ಬನ್ನಿ. ನಿಮ್ಮ ಉತ್ತರ ನಮಗೆಲ್ಲ ಹಿಡಿಸ್ತು. ಒಂದು ಮಾತು ಮಾತ್ರ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮ್ಯಾನೇಜರ್‌ಗೆ ಅನುಮಾನ ಇದೆ. ಮುಖ ಕೊಟ್ಟು ಮಾತಾಡೋಕೇ ಆಗ್ದೇ ಇರೋರು ಕಲಿಯೋರ ತಪ್ಪನ್ನ ಮುಖಕ್ಕೆ ಹೇಗೆ ಹೇಳ್ತಾರೆ, ಅಂತಾರೆ. ಈ ಸಲ ಕಾರ್ ಇರಲ್ಲ, ಮೇಜು ಇರುತ್ತೆ. ಸ್ವಲ್ಪ ಅಭ್ಯಾಸ ಮಾಡ್ಕೊಂಡು ಬನ್ನಿ."

ಅಂದು ಸಂಜೆ ಮಗಳು ತಾಯಿ ತಂದೆ ಇಬ್ಬರನ್ನೂ ಎಳೆದು ತಂದು ಮೇಜಿನ ಎರಡು ಬದಿಗೆ ಕೂರಿಸಿದಳು. "ಪ್ರಶ್ನೆ ಬೇಡ, ಉತ್ತರ ಬೇಡ. ಒಬ್ಬರನ್ನೊಬ್ಬರು ನೋಡಿ, ಅಷ್ಟೇ" ಎಂದು ಅಪ್ಪಣೆ ಮಾಡಿದಳು.

ನೋಡಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಗಂಡ ಹೆಂಡತಿ ಹೀಗೆ ಎದುರುಬದುರು ಕೂತೇ ಇರಲಿಲ್ಲ. ಸ್ಕೂಟರಿನಲ್ಲಿ ಹಿಂದೆ ಮುಂದೆ, ಸೋಫಾದಲ್ಲಿ ಅಕ್ಕಪಕ್ಕ, ಊಟಕ್ಕೆ ಟಿವಿಯ ಕಡೆ ಮುಖ.

"ರೀ, ನಿಮ್ಮ ಹುಬ್ಬು ಯಾವಾಗ ಬೆಳ್ಳಗಾಯ್ತು?" ಎಂದಳು ಅವಳು ಗಾಬರಿಯಿಂದ.

"ಆಗಿ ಎಷ್ಟೋ ಕಾಲ ಆಯ್ತು ಕಣೇ. ನಿನ್ನ ಗಲ್ಲದ ಹತ್ರ ಅದೇನು, ಮಚ್ಚೆನಾ?"

"ಹುಟ್ಟಿದಾಗಿನಿಂದ ಇದೆ!"

ಇಬ್ಬರಿಗೂ ನಗು ಉಕ್ಕಿತು. ಅವನು ನಗುತ್ತ ನಗುತ್ತ ಕಣ್ಣು ಒರೆಸಿಕೊಂಡು, "ಚೆನ್ನಾಗಿದ್ದೀಯ ಕಣೇ" ಎಂದ. ಮಗಳು ಈ ಮಾತಿಗೆ ತನ್ನ ಪಠ್ಯದಲ್ಲಿ ಏನೂ ಇಲ್ಲದ್ದರಿಂದ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಆ ವಾರವೆಲ್ಲ ಟಿವಿ ಆರಿಯೇ ಇತ್ತು, ಊಟ ಎದುರುಬದುರಾಗಿ ನಡೆಯಿತು. ಬ್ರೇಕಕ್ಕನ ಕಣ್ಣು ನಿಧಾನವಾಗಿ ನಿಲ್ಲಲು ಕಲಿಯಿತು.

"ಇದು ಮನೆಯೋರ ಮುಖ, ಸುಲಭ" ಎಂದಳು ಮಗಳು. "ನಿನಗೆ ಹೆದರಿಕೆ ಇರೋ ಮುಖ ಬೇಕು." ಭಾನುವಾರ ನೋಡಿದರೆ ಮೇಜಿನ ಆ ಬದಿಗೆ ಅಣ್ಣ ಕೂತಿದ್ದ.

ಮಗಳು ಅವನಿಗೆ ಹೇಳಿದ್ದು ಇಷ್ಟೇ, "ಮಾವ, ಗುರುವಾರ ಬಸ್ ಡಿಪೋದಲ್ಲಿ ಅಮ್ಮನಿಗೆ ಸಂದರ್ಶನ ಇದೆ. ಸುಮ್ನೆ ಒಂದು ಅಭ್ಯಾಸ, ನೀವು ಮ್ಯಾನೇಜರ್ ಆಗಿ." ಅಣ್ಣನಿಗೆ ಈ ಕೆಲಸದ ವಿಷಯವೇ ಹೊಸದು. ಆದರೂ ದೊಡ್ಡ ಮನುಷ್ಯನ ಪಾತ್ರ ಕೊಟ್ಟರೆ ಯಾರು ಬೇಡವೆನ್ನುತ್ತಾರೆ? ಅಂಗಿಯ ಗುಂಡಿ ಹಾಕಿಕೊಂಡು, ಪೆನ್ನು ಕೈಲಿ ಹಿಡಿದು ಸೆಟೆದು ಕೂತ.

"ನಿಮ್ಮ ಹೆಸರು?"

ಬ್ರೇಕಕ್ಕ ಕಿಸಕ್ಕನೆ ನಕ್ಕಳು.

"ನಗಬಾರದು. ಇದು ಆಫೀಸು" ಎಂದ ಅಣ್ಣ ಗಂಭೀರವಾಗಿ. ಒಂದೆರಡು ಪ್ರಶ್ನೆ ಕೇಳಿದ, ಅವಳು ಹೇಳಿದಳು, ಅವನು ತಲೆದೂಗಿದ. ಆಮೇಲೆ ಪೆನ್ನು ಕೆಳಗಿಟ್ಟು, ತನಗೇ ಕೇಳಬೇಕಾಗಿದ್ದನ್ನು ಕೇಳಿದ. "ನಿಮಗೆ ಬೇರೆ ಕಡೆ ಕೆಲಸ ರೆಡಿ ಇದೆಯಂತಲ್ಲ, ಒಂದು ಫರ್ನಿಚರ್ ಅಂಗಡೀಲಿ. ಮನೆಯ ಹಾಗೇ ಅಂತೆ. ಅದನ್ನ ಬಿಟ್ಟು ಇಲ್ಲಿಗೆ ಯಾಕೆ?"

ಬ್ರೇಕಕ್ಕನ ಕಣ್ಣು ಗೋಡೆಗೆ ಹೋಯಿತು, ಅಲ್ಲಿಂದ ಮೇಜಿನಡಿಗೆ ಇಳಿಯಿತು. ಆಮೇಲೆ ಅವಳು ಅದನ್ನು ಕತ್ತು ಹಿಡಿದು ತರುವ ಹಾಗೆ ಅಣ್ಣನ ಮುಖಕ್ಕೆ ತಂದು ನಿಲ್ಲಿಸಿದಳು.

"ಆ ಅಂಗಡಿಯವರು ತುಂಬಾ ಒಳ್ಳೆಯವರು ಸರ್. ನಾನಿವತ್ತು ಏನಿದ್ದೀನೋ ಅವರಿಂದ. ಆದ್ರೆ ಅವರು ನನಗೆ ಕೊಡ್ತಿರೋದು ಕೆಲಸ ಅಲ್ಲ, ಕೂರೋಕೆ ಜಾಗ. ನಾನಿನ್ನೂ ಕೂರೋಷ್ಟು ಸುಸ್ತಾಗಿಲ್ಲ. ಅಲ್ಲಿ ಕೂತ್ರೆ ನಾನು ದಿನಾ ಒಂಚೂರು ಒಣಗಿ ಹೋಗ್ತೀನಿ, ಅವರಿಗೆ ಹೇಳೋಕೂ ಆಗಲ್ಲ. ನನಗೆ ಆ ಅಂಗಡಿ ಬೇಡ ಸರ್."

ಅಣ್ಣನ ಮುಖದಲ್ಲಿ ಏನೇನೋ ಆಯಿತು. ಅವಳು ಅಷ್ಟನ್ನೂ ನೋಡಿದಳು, ಕಣ್ಣು ತೆಗೆಯಲಿಲ್ಲ. ಅವನು ಪೆನ್ನು ಮತ್ತೆ ಕೈಗೆತ್ತಿಕೊಂಡು, ಒಡೆದ ದನಿಯಲ್ಲಿ, "ಮುಂದಿನ ಪ್ರಶ್ನೆ" ಎಂದ. ಆದರೆ ಮುಂದಿನ ಪ್ರಶ್ನೆ ಯಾವುದೂ ಬರಲಿಲ್ಲ. ಅಂಗಡಿಯಲ್ಲಿ ಯಾರೋ ಕಾಯುತ್ತಿದ್ದಾರೆಂದು ಎದ್ದು ಹೊರಟೇಹೋದ. ಭಾನುವಾರ ಅಂಗಡಿಯಲ್ಲಿ ಯಾರು ಕಾಯುತ್ತಾರೆ? ಕೊಟ್ಟ ಕಾಫಿಯೂ ಲೋಟದಲ್ಲೇ ಉಳಿದಿತ್ತು.

"ನನ್ನದೇ ತಪ್ಪು ಅಮ್ಮ" ಎಂದಳು ಮಗಳು ಸಪ್ಪಗೆ.

"ನಿಂದಲ್ಲ. ಒಂದಲ್ಲ ಒಂದಿನ ಹೇಳ್ಲೇಬೇಕಿತ್ತು" ಎಂದಳು ಬ್ರೇಕಕ್ಕ. ಹೇಳುವುದೇನೋ ಹೇಳಿದಳು, ಎದೆ ಮಾತ್ರ ಕಲ್ಲು ಹೇರಿದಂತಾಗಿತ್ತು. ಅಣ್ಣ ಮರುದಿನ ಫೋನ್ ಮಾಡಲಿಲ್ಲ, ಅದರ ಮರುದಿನವೂ ಇಲ್ಲ. ಇವಳು ಮಾಡಿದರೆ ಅಂಗಡಿಯ ಕೆಲಸದವನು ಎತ್ತಿ, ಸಾಹೇಬರು ಮರದ ಲೋಡಿಗೆ ಹೋಗಿದ್ದಾರೆ ಎಂದ. ಈಗ ಆ ಕೆಲಸ ಸಿಗದಿದ್ದರೆ ಇದೂ ಇಲ್ಲ, ಅದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಣ್ಣನ ಮನಸ್ಸು ಮುರಿದದ್ದು ದಂಡಕ್ಕಾಗುತ್ತದೆ.

ಡಿಪೋದ ದಿನ ಬಂತು. ಗಂಡ ಇಸ್ತ್ರಿ ಮಾಡಿದ ಬಟ್ಟೆ ಕೊಟ್ಟ, ಮಗಳು ಬಾಗಿಲವರೆಗೂ ಬುದ್ಧಿವಾದ ಕೊಟ್ಟಳು. ಉದ್ದನೆಯ ಕೋಣೆ, ಗಾಜು ಹೊದಿಸಿದ ಮೇಜು, ಆಚೆ ಆ ಮೂವರು. ಬ್ರೇಕಕ್ಕ ಕೂತು, ಮೂವರ ಮುಖವನ್ನೂ ಒಂದೊಂದಾಗಿ ನೋಡಿ ನಮಸ್ಕಾರ ಎಂದಳು.

"ಅಬ್ಬಾ, ಕಿವಿಯ ಜೊತೆ ಮುಖಾನೂ ಇದೆ" ಎಂದರು ಮ್ಯಾನೇಜರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ದೌರ್ಬಲ್ಯ ಏನು ಎಂದು ಕೇಳಿದ್ದಕ್ಕೆ ಮಗಳ ಪಾಠವನ್ನು ಗಾಳಿಗೆ ತೂರಿ, "ಕೋಪ ಸರ್. ಮತ್ತೆ ನನ್ನ ಕಾಲು ಬ್ರೇಕಿಗೆ ಬೇಗ ಹೋಗುತ್ತೆ, ಕಲಿಯೋರು ತಾವಾಗೇ ನಿಲ್ಲಿಸೋಕೆ ಬಿಡಲ್ಲ" ಎಂದಳು. ಮೀಸೆಯವರು ಮ್ಯಾನೇಜರ ಕಡೆ ನೋಡಿ ಹುಬ್ಬು ಹಾರಿಸಿದರು.

"ಹಾಗಾದ್ರೆ ಹೊರಗೆ ಬನ್ನಿ" ಎಂದು ಅವರೇ ಎದ್ದರು. "ಒಂದು ಪಾಠ ಮಾಡಿ ತೋರಿಸಿ."

ಡಿಪೋದ ಅಂಗಳದಲ್ಲಿ ಒಂದು ಹಳೆಯ ಬಸ್ಸು ನಿಂತಿತ್ತು. ಚಾಲಕರ ಸೀಟಿನಲ್ಲಿ ಕಲಿಯಲು ಬಂದ ಹುಡುಗಿಯೊಬ್ಬಳು, ಎರಡು ಜಡೆಯವಳು, ಸ್ಟಿಯರಿಂಗನ್ನು ಬಿಟ್ಟರೆ ಬಿದ್ದೇನು ಎನ್ನುವಂತೆ ತಬ್ಬಿ ಹಿಡಿದಿದ್ದಳು. ಬಸ್ಸು ತೊಳೆಯುವ ಷೆಡ್ಡಿನ ಪಕ್ಕದಿಂದ ಹೋಗಿ, ನೀರಿನ ಟ್ಯಾಂಕನ್ನು ಸುತ್ತಿ ಗಾಡಿಯನ್ನು ವಾಪಸ್ಸು ತರಬೇಕು. ಟ್ಯಾಂಕಿನ ತಿರುವಿನಲ್ಲಿ ಆಕೆ ಪ್ರತಿದಿನ ಗಾಬರಿಯಾಗಿ ಗಾಡಿ ಆಫ್ ಮಾಡುತ್ತಾಳಂತೆ. ಮೂವರೂ ಹಿಂದಿನ ಸೀಟುಗಳಲ್ಲಿ ಕೂತರು. ಬ್ರೇಕಕ್ಕ ಹತ್ತಿ, ಹುಡುಗಿಯ ಪಕ್ಕ ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟಿದ್ದ ದಿಂಬಿನ ಮೇಲೆ ಕೂತು ಕಾಲು ಚಾಚಿದಳು. ಕಾಲಿಗೆ ಏನೂ ಸಿಗಲಿಲ್ಲ. ಬಸ್ಸಿನಲ್ಲಿ ಕಲಿಸುವವರಿಗೆ ಬ್ರೇಕ್ ಇಲ್ಲ!

ಇದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಾಗಬೇಕಲ್ಲ. ಬಸ್ಸು ಹೊರಟು ಷೆಡ್ಡು ದಾಟುವಷ್ಟರಲ್ಲಿ ಕಾಲು ಬರೀ ತಗಡನ್ನು ನಾಲ್ಕಾರು ಸಲ ಧಡಧಡ ಒದ್ದಿತು. ಸದ್ದಿಗೆ ಹುಡುಗಿ ಬೆಚ್ಚಿದಳು, ಟ್ಯಾಂಕು ಹತ್ತಿರವಾಯಿತು, ಬ್ರೇಕಕ್ಕ "ಏಯ್, ನಿಲ್ಸು ನಿಲ್ಸು!" ಎಂದು ಕಿರುಚಿದಳು. ಬಸ್ಸು ಎರಡು ಸಲ ಕುಪ್ಪಳಿಸಿ ಉಸಿರು ಬಿಟ್ಟಿತು. ಮ್ಯಾನೇಜರ ಹಣೆ ಎದುರಿನ ಕಂಬಿಗೆ ತಾಗಿತು.

ಹೋಯಿತು ಎಂದುಕೊಂಡಳು ಬ್ರೇಕಕ್ಕ. ಹುಡುಗಿಯ ತುಟಿ ಅಳುವುದಕ್ಕೆ ತಯಾರಾಗುತ್ತಿತ್ತು. ತಪ್ಪು ಮಾಡಿದ್ದು ತಾನು, ಅಳುತ್ತಿರುವುದು ಈ ಕೂಸು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಎದ್ದಳು. ಬೆನ್ನನ್ನು ಮುಂದಿನ ಗಾಜಿಗೆ ತಿರುಗಿಸಿ, ಒಂದು ಕೈಲಿ ಕಂಬಿ ಹಿಡಿದು, ಹುಡುಗಿಯ ಮುಖಕ್ಕೆ ಮುಖ ಕೊಟ್ಟು ಕೂತಳು.

"ರಸ್ತೆ ನೋಡಿ ರಸ್ತೆ!" ಎಂದು ಹಿಂದಿನಿಂದ ಕೂಗಿದರು ಮ್ಯಾನೇಜರು, ಹಣೆ ಉಜ್ಜಿಕೊಳ್ಳುತ್ತ.

"ರಸ್ತೆ ನೋಡೋದು ಇವಳ ಕೆಲಸ ಸರ್" ಎಂದಳು ಬ್ರೇಕಕ್ಕ, ಕಣ್ಣು ತೆಗೆಯದೆ. "ನನ್ನ ಹತ್ರ ಬ್ರೇಕ್ ಇಲ್ಲ. ಇರೋ ಒಂದೇ ಬ್ರೇಕು ಇವಳ ಕಾಲಲ್ಲಿದೆ. ನಾನು ಇವಳನ್ನ ನೋಡ್ದೆ ಇನ್ನೇನು ನೋಡ್ಲಿ?" ಆಮೇಲೆ ದನಿ ಇಳಿಸಿ ಹುಡುಗಿಗೆ ಹೇಳಿದಳು. "ಆಗ ಗಾಡಿ ಆಫ್ ಆಗಿದ್ದು ನನ್ನಿಂದ ಕಣಮ್ಮ, ನಿನ್ನಿಂದಲ್ಲ. ನಾನು ಕಿರುಚ್ಬಾರ್ದಿತ್ತು. ಈಗ ಶುರು ಮಾಡು. ನಾನು ಹಿಂದೆ ತಿರುಗಿ ನೋಡಲ್ಲ. ಟ್ಯಾಂಕ್ ಎಲ್ಲಿದೆ ಅಂತ ನೀನೇ ಹೇಳ್ತಾ ಹೋಗು."

ಹುಡುಗಿ ಮೂಗೆಳೆದುಕೊಂಡು ಕೀಲಿ ತಿರುಗಿಸಿದಳು. "ಟ್ಯಾಂಕು... ಇನ್ನೂ ದೂರ ಇದೆ ಅಕ್ಕ."

"ಸರಿ."

"ಹತ್ರ ಬಂತು."

ಬ್ರೇಕಕ್ಕನಿಗೆ ಬೆನ್ನ ಹಿಂದಿನದೇನೂ ಕಾಣುತ್ತಿರಲಿಲ್ಲ. ಒಂದು ಕಾಲನ್ನು ಇನ್ನೊಂದು ಕಾಲಿಂದ ಒತ್ತಿ ಹಿಡಿದಿದ್ದಳು. ಆದರೆ ಹುಡುಗಿಯ ಮುಖದಲ್ಲಿ ಎಲ್ಲವೂ ಇತ್ತು. ಹುಬ್ಬು ಗಂಟಿಕ್ಕಿದ್ದು, ಉಸಿರು ಹಿಡಿದದ್ದು, ಇನ್ನೇನು ಕೈ ಬಿಗಿಯುತ್ತದೆ ಎನ್ನುವುದು, ಅಷ್ಟೂ ಮುಂಚಿತವಾಗಿ ಅಲ್ಲಿ ಬಂದು ಹೋಗುತ್ತಿತ್ತು. ಇಷ್ಟು ವರ್ಷ ಇಷ್ಟು ಜನಕ್ಕೆ ಕಲಿಸಿದ ತಾನು ಇದನ್ನು ನೋಡಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

"ಉಸಿರು ಬಿಡು" ಎಂದಳು. ಹುಡುಗಿ ಬಿಟ್ಟಳು. "ಈಗ ತಿರುಗಿಸು. ಸಾಕು. ಕೈ ಸಡಿಲ ಬಿಡು, ಸ್ಟಿಯರಿಂಗ್ ತಾನಾಗೇ ವಾಪಸ್ ಬರುತ್ತೆ." ಹುಡುಗಿಯ ಹುಬ್ಬಿನ ಗಂಟು ಬಿಚ್ಚಿಕೊಂಡಿತು, ಕಣ್ಣು ಅಗಲವಾಯಿತು, ಮುಖವೆಲ್ಲ ನಗುವಾಯಿತು. ಟ್ಯಾಂಕು ದಾಟಿತೆಂದು ಬ್ರೇಕಕ್ಕನಿಗೆ ತಿಳಿದದ್ದು ಹಾಗೆ.

ಬಸ್ಸು ಹೊರಟ ಜಾಗದಲ್ಲಿಯೇ ಬಂದು ನಿಂತಿತು. ಯಾರೂ ಏನೂ ಹೇಳುವ ಮೊದಲೇ ಹುಡುಗಿ, "ಅಕ್ಕ, ನಾಳೆ ನೀವೇ ಬರ್ತೀರಾ?" ಎಂದಳು.

"ಅದನ್ನ ನಾವು ತೀರ್ಮಾನ ಮಾಡ್ಬೇಕು ಕಣಮ್ಮ, ನೀನಲ್ಲ" ಎಂದರು ಮ್ಯಾನೇಜರು. ಹಿಂದೆ ಮೂವರೂ ತಲೆ ತಲೆ ಸೇರಿಸಿ ಪಿಸುಪಿಸು ಮಾಡಿದರು. ಮೀಸೆಯವರ ದನಿಗೆ ಪಿಸುಮಾತು ಒಗ್ಗುವುದಿಲ್ಲ, "ನಾನೂ ಹಂಗೆ ತಿರುಗಿ ಕೂರ್ಬೇಕಿತ್ತು ಕಣ್ರೀ" ಎಂದದ್ದು ಎಲ್ಲರಿಗೂ ಕೇಳಿಸಿತು. ಮ್ಯಾನೇಜರು ಮುಂದೆ ಬಂದು, ಹಣೆಯ ಊತವನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು, "ನಾಳೆ ಬೇಡ, ಸೋಮವಾರದಿಂದ ಬನ್ನಿ. ಆದ್ರೆ ಇನ್ನೊಂದ್ಸಲ ಹಾಗೆ ಕಿರುಚಿದ್ರೆ ನಾನು ಹೆಲ್ಮೆಟ್ ಹಾಕ್ಕೊಂಡು ಬರ್ತೀನಿ" ಎಂದರು.

ಕಾಗದಗಳಿಗೆ ಸಹಿ ಹಾಕಿದಳೋ, ಮೇಡಂ ಕೈ ಕುಲುಕಿದರೋ, ಬ್ರೇಕಕ್ಕನಿಗೆ ಒಂದೂ ಸರಿಯಾಗಿ ನೆನಪಿಲ್ಲ. ಗಂಡನಿಗೆ ಫೋನ್ ಮಾಡಲೆಂದು ಚೀಲಕ್ಕೆ ಕೈ ಹಾಕುತ್ತ ಡಿಪೋದ ಗೇಟಿಗೆ ಬಂದಳು.

ಗೇಟಿನ ಆಚೆ, ಬಿಸಿಲಲ್ಲಿ, ಅಣ್ಣ ನಿಂತಿದ್ದ. ವ್ಯಾಪಾರದ ದಿನ ಅಂಗಡಿ ಬಿಟ್ಟು ಅಲ್ಲಾಡಿದವನಲ್ಲ ಅವನು. ಅಂಗಿಯ ಬೆನ್ನೆಲ್ಲ ಬೆವರಿನಿಂದ ಅಂಟಿಕೊಂಡಿತ್ತು, ಬಂದು ಎಷ್ಟು ಹೊತ್ತಾಗಿತ್ತೋ. ತಂಗಿಯನ್ನು ಕಂಡವನೇ ಏನೋ ಕೇಳಲು ಬಾಯಿ ತೆರೆದು ಹಾಗೇ ನಿಂತ. ಅವಳು ಹೇಳಲು ಹೋದಳು. ಹೇಳುವುದು ಬೇಕಾಗಲಿಲ್ಲ. ಅವಳು ಅವನ ಮುಖ ನೋಡುತ್ತ ನಿಂತಳು, ಅವನು ಅವಳ ಮುಖ ನೋಡಿದ.

"ಸಿಕ್ತು" ಎಂದ ಅಣ್ಣ. ಅವಳು ತಲೆಯಾಡಿಸಿದಳು.

"ನನಗೆ ತುಂಬಾ ಸಿಟ್ಟು ಬಂದಿತ್ತು ನಿನ್ಮೇಲೆ" ಎಂದ ಅವನು, ಕರ್ಚೀಫು ಹುಡುಕುತ್ತ. "ಆಮೇಲೆ ಕೂತು ಯೋಚ್ನೆ ಮಾಡ್ದೆ. ಇಷ್ಟು ವರ್ಷದಲ್ಲಿ ನೀನು ನನಗೆ ಒಂದ್ಸಲ ಬೇಡ ಅಂದಿದ್ದೀಯಾ? ಇಲ್ಲ. ಹಾಗಾದ್ರೆ ನೀನು ಹೂಂ ಅಂದಿದ್ರಲ್ಲಿ ಎಷ್ಟು ನಿಜ, ಎಷ್ಟು ನನ್ನ ಮುಲಾಜು, ನನಗೆ ಹೇಗೆ ಗೊತ್ತಾಗ್ಬೇಕು ಹೇಳು?"

"ಮದುವೆಗೆ ಹೂಂ ಅಂದಿದ್ದು ನಿಜವಾಗ್ಲೂ ಹೂಂ ಅಣ್ಣ."

"ಅಷ್ಟಾದ್ರೂ ಆಯ್ತಲ್ಲ, ಪುಣ್ಯ!" ಎಂದು ಅವನು ನಕ್ಕ, ನಗುತ್ತಲೇ ಕರ್ಚೀಫಿನಲ್ಲಿ ಕಣ್ಣು ಒತ್ತಿಕೊಂಡ. ಬ್ರೇಕಕ್ಕ ನಡುಬೀದಿಯಲ್ಲಿ, ಹೋಗುವ ಬರುವ ಬಸ್ಸಿನವರೆಲ್ಲ ನೋಡುತ್ತಿರುವಂತೆಯೇ, ಅಣ್ಣನ ಎರಡೂ ಕೈ ಹಿಡಿದುಕೊಂಡು ಅತ್ತಳು. ಈ ಸಲ ನಲ್ಲಿ ತಿರುಗಿಸುವ ಗೊಡವೆಗೆ ಹೋಗಲಿಲ್ಲ.